ಯೋಜನೆ ವರ್ಷವರ್ಷವೂ ಮುರಿಯುತ್ತಿದೆ, ನಮ್ಮ ಕಂಪನಿ ಉಳಿಯುವುದು ಹೇಗೆ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯ, ಅಂದರೆ ರೈತರೇ ಷೇರುದಾರರಾಗಿರುವ ಕಂಪನಿಯ, ಸಿಇಒ. ಸುಮಾರು ಆರುನೂರು ಸದಸ್ಯರಿದ್ದಾರೆ, ಹೆಚ್ಚಿನವರು ಭತ್ತ ಬೆಳೆಯುವವರು. ಶುರುವಿನಲ್ಲಿ ಸಲಹಾ ಸಂಸ್ಥೆಯವರು ಐದು ವರ್ಷದ ವ್ಯವಹಾರ ಯೋಜನೆ ಮಾಡಿಕೊಟ್ಟರು. 2023ರಲ್ಲಿ ಬರ ಬಂತು. 2024ರಲ್ಲಿ ಡ್ಯಾಮಿನ ಗೇಟು ಹೋಯಿತು. 2025ರಲ್ಲಿ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಯೋಜನೆಯಲ್ಲಿ ಬರೆದದ್ದು ಒಂದು ವರ್ಷವೂ ನಡೆಯಲಿಲ್ಲ. ಮೊನ್ನೆ ಒಂದು ತರಬೇತಿಯಲ್ಲಿ 'ಸಂಸ್ಥೆ ಅಂದರೆ ಜೀವಂತ ವ್ಯವಸ್ಥೆ, ಸುತ್ತಲಿನ ಪರಿಸರಕ್ಕೆ ಹೊಂದಿಕೊಳ್ಳಬೇಕು' ಅಂದರು. ಕೇಳೋದಕ್ಕೆ ಚೆನ್ನಾಗಿತ್ತು. ಆದರೆ ನಾಳೆ ಆಫೀಸಿನ ಬಾಗಿಲು ತೆಗೆದ ಮೇಲೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಇತ್ತ ಬ್ಯಾಂಕಿನವರು ಮತ್ತೆ ಐದು ವರ್ಷದ ಯೋಜನೆ ಕೇಳುತ್ತಿದ್ದಾರೆ. ಏನು ಬರೆದು ಕೊಡಲಿ?

ಉತ್ತರ: ಮೊದಲು ಒಂದು ಮಾತು. ಯೋಜನೆ ಕೈಕೊಟ್ಟಿತು ಎಂದು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ನೀವು ಬರೆದ ಮೂರು ವರ್ಷಗಳನ್ನೇ ಬಿಡಿಸಿ ನೋಡಿ. 2023ರಲ್ಲಿ ಮಳೆಯೇ ಸರಿಯಾಗಿ ಬರಲಿಲ್ಲ, ತುಂಗಭದ್ರಾ ಜಲಾಶಯ ತುಂಬಲಿಲ್ಲ. 2024ರಲ್ಲಿ ಮಳೆ ಬಂತು, ಡ್ಯಾಮೂ ತುಂಬಿತು. ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಆ ವಾರ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ನಾಟಿ ಮಾಡಿ ಕೂತಿದ್ದ ರೈತರಿಗೆ ಸರಿಯಾಗಿ ನಿದ್ದೆ ಬಂದಿರಲಿಕ್ಕಿಲ್ಲ. ಪುಣ್ಯಕ್ಕೆ ಮತ್ತೆ ಮಳೆಯಾಗಿ ಡ್ಯಾಮು ತುಂಬಿತು. 2025ರಲ್ಲಿ ಹೊಳೆಗೆ ನೀರಿಗೇನೂ ಕೊರತೆ ಇರಲಿಲ್ಲ. ಆದರೆ ಹಳೆಯ ಗೇಟುಗಳ ಮೇಲೆ ಭಾರ ಹಾಕಬಾರದು ಎಂದು, ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ನೀರನ್ನು 80 ಟಿಎಂಸಿ ಆಸುಪಾಸಿಗೇ ನಿಲ್ಲಿಸಿದರು. ಗೇಟು ಬದಲಿಸುವ ಕೆಲಸ ಆಗಬೇಕು, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದರು.

ಒಂದು ವರ್ಷ ಮಳೆ ಕೈಕೊಟ್ಟಿತು, ಇನ್ನೊಂದು ವರ್ಷ ಕಬ್ಬಿಣ ಕೈಕೊಟ್ಟಿತು, ಮೂರನೇ ವರ್ಷ ನೀರಿದ್ದೂ ಬಿಡದಿರುವ ತೀರ್ಮಾನ ಬಂತು. ಈ ಮೂರನ್ನೂ ಮೊದಲೇ ಊಹಿಸಿ ಬರೆಯುವ ಸಲಹೆಗಾರ ಎಲ್ಲೂ ಸಿಗುವುದಿಲ್ಲ. ಆದ್ದರಿಂದ 'ಮುಂದಿನ ಸಲ ಇನ್ನೂ ಚೆನ್ನಾಗಿ ಅಂದಾಜು ಮಾಡೋಣ' ಎಂಬ ದಾರಿ ಬಿಟ್ಟುಬಿಡಿ. ಅದಕ್ಕೆ ಖರ್ಚು ಮಾಡುವ ದುಡ್ಡನ್ನೂ ಸಮಯವನ್ನೂ, ಆದದ್ದು ಬೇಗ ತಿಳಿಯುವುದಕ್ಕೆ ಮತ್ತು ತಿಳಿದ ಕೂಡಲೇ ಕೆಲಸ ಬದಲಿಸುವುದಕ್ಕೆ ಹಾಕಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದು ಅದನ್ನು ಮಾಡುವುದು ಹೇಗೆ ಎಂಬ ವಿಚಾರ.

ನಿಮ್ಮ ಯೋಜನೆಯನ್ನು ನಾನು ನೋಡಿಲ್ಲ. ಈ ಭಾಗದ ಬೇರೆ ಕಂಪನಿಗಳ ಯೋಜನೆಗಳನ್ನು ಓದಿದ್ದೇನೆ. ವರ್ಷಕ್ಕೆ ಎರಡು ಭತ್ತದ ಬೆಳೆ, ಇಷ್ಟು ಎಕರೆಗೆ ಇಷ್ಟು ಬೀಜ, ಇಷ್ಟು ಗೊಬ್ಬರ, 75 ಕೆಜಿಯ ಇಷ್ಟು ಸಾವಿರ ಚೀಲ ಖರೀದಿ, ವರ್ಷದಿಂದ ವರ್ಷಕ್ಕೆ ವ್ಯವಹಾರ ಇಷ್ಟು ಶೇಕಡಾ ಜಾಸ್ತಿ. ಹಾಳೆ ತುಂಬ ಅಂಕಿ ಇರುತ್ತದೆ. ಎಲ್ಲವೂ ಒಂದೇ ನಂಬಿಕೆಗೆ ಜೋತುಬಿದ್ದಿರುತ್ತವೆ: ಕಾಲುವೆಗೆ ನೀರು ಬರುತ್ತದೆ ಎಂಬ ನಂಬಿಕೆಗೆ. ನೀರು ಬಾರದ ವರ್ಷ ಕಂಪನಿ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ.

ಬ್ರಿಟನ್ನಿನ ಮನೋವೈದ್ಯ ರಾಸ್ ಆಶ್ಬಿ 1956ರಲ್ಲಿ ಒಂದು ನಿಯಮ ಹೇಳಿದರು. ಸಂಸ್ಥೆಗಳನ್ನು ಜೀವಂತ ವ್ಯವಸ್ಥೆ ಎಂದು ನೋಡುವವರೆಲ್ಲ ಇವತ್ತಿಗೂ ಅದನ್ನು ಹಿಡಿದೇ ಮಾತಾಡುತ್ತಾರೆ. ಅದರ ತಿರುಳು ಇಷ್ಟು: ಹೊರಗಿನಿಂದ ಎಷ್ಟು ಬಗೆಯ ಪೆಟ್ಟು ಬೀಳಬಹುದೋ, ತಡೆದುಕೊಳ್ಳಬೇಕಾದರೆ ಒಳಗೆ ಅಷ್ಟು ಬಗೆಯ ಉತ್ತರ ಇರಬೇಕು. ಒಂದೇ ಉತ್ತರ ಇಟ್ಟುಕೊಂಡ ಸಂಸ್ಥೆ ಒಂದೇ ಬಗೆಯ ವರ್ಷದಲ್ಲಿ ಬದುಕುತ್ತದೆ.

ಇದನ್ನು ನಮ್ಮ ಪಕ್ಕದಲ್ಲೇ ನೋಡಿದ್ದೇವೆ. ಚೀನಾದಿಂದ ಅದಿರಿಗೆ ಬೇಡಿಕೆ ಏರಿದಾಗ ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಎಷ್ಟೋ ಜನ ಸಾಲ ಮಾಡಿ ಲಾರಿ ಕೊಂಡರು. ಗ್ಯಾರೇಜು, ಟೈರಿನ ಅಂಗಡಿ, ಖಾನಾವಳಿ ಎಲ್ಲವೂ ಅದಿರಿನ ಲಾರಿಯನ್ನೇ ನಂಬಿ ಎದ್ದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು, ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ಲಾರಿಗೆ ಬೇರೆ ಲೋಡು ಹುಡುಕಬಲ್ಲವರು, ಹೊಲವನ್ನು ಮಾರದೆ ಇಟ್ಟುಕೊಂಡವರು ಹೇಗೋ ಸುಧಾರಿಸಿಕೊಂಡರು. ಎಲ್ಲವನ್ನೂ ಅದಿರಿಗೇ ಕಟ್ಟಿದವರಿಗೆ ಆ ದಾರಿ ಇರಲಿಲ್ಲ. ಅವರು ದಡ್ಡರಾಗಿರಲಿಲ್ಲ. ಎಲ್ಲಾ ಒಳ್ಳೆಯ ವರ್ಷಗಳೂ ಅದೇ ದಾರಿ ಸರಿ ಎಂದು ಹೇಳಿದ್ದವು.

ಹಾಗಂತ ನೀವು ಹತ್ತು ವ್ಯವಹಾರ ಶುರು ಮಾಡಬೇಕಿಲ್ಲ. ಒಬ್ಬ ಸಿಇಒ, ಒಬ್ಬ ಲೆಕ್ಕಿಗ ಇರುವ ಕಂಪನಿ ಎಣ್ಣೆ ಗಾಣ, ಬೇಳೆ ಮಿಲ್ಲು, ಔಷಧಿ ಅಂಗಡಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವನ್ನೂ ತಲೆ ಮೇಲೆ ಹಾಕಿಕೊಂಡರೆ ಒಂದೂ ನೆಟ್ಟಗಾಗುವುದಿಲ್ಲ. ಬೇಕಿರುವುದು ತಿರುಗಿಕೊಳ್ಳುವ ಶಕ್ತಿ. ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮಂಥ ಕಂಪನಿಗಳ ಆಸೆ ಸಾಮಾನ್ಯವಾಗಿ ಸ್ವಂತ ರೈಸ್ ಮಿಲ್ಲು. ನನ್ನ ಅಭಿಪ್ರಾಯದಲ್ಲಿ ಈಗ ಅದು ಬೇಡ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸಾಲಿನಲ್ಲಿ ಮಿಲ್ಲುಗಳಿಗೇನೂ ಕಮ್ಮಿ ಇಲ್ಲ. ನೀರಿಲ್ಲದ ವರ್ಷ ಮಿಲ್ಲು ಖಾಲಿ ಕೂರುತ್ತದೆ, ಸಾಲ ಕೂರುವುದಿಲ್ಲ. ಅದರ ಬದಲು ಜರಡಿ ಬದಲಿಸಬಹುದಾದ ಕಾಳು ಸ್ವಚ್ಛ ಮಾಡುವ ಯಂತ್ರ, ಒಂದು ಒಳ್ಳೆಯ ಗೋದಾಮು, ತೇವಾಂಶ ಅಳೆಯುವ ಮೀಟರು ಇರಲಿ. ಭತ್ತ ಬಂದರೆ ಭತ್ತ, ಕಡಲೆ ಬಂದರೆ ಕಡಲೆ, ಜೋಳ ಬಂದರೆ ಜೋಳ. ಲಾಭ ಸ್ವಲ್ಪ ಕಮ್ಮಿ ಬರಬಹುದು. ಆದರೆ ಯಾವ ವರ್ಷವೂ ಕೈಕಟ್ಟಿ ಕೂರಬೇಕಾಗಿಲ್ಲ.

ಈಗ ತರಬೇತಿಯಲ್ಲಿ ಕೇಳಿದ 'ಜೀವಂತ ವ್ಯವಸ್ಥೆ'ಗೆ ಬರೋಣ. ಆ ಮಾತು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ್ದಾರೆ. ಹೊಂದಿಕೊಳ್ಳುವುದು ಎಂದರೆ ಎಲ್ಲವನ್ನೂ ಬದಲಿಸುತ್ತಿರುವುದು ಎಂದು ಜನ ತಿಳಿಯುತ್ತಾರೆ. ಜೀವಿ ಹಾಗೆ ಮಾಡುವುದಿಲ್ಲ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1920ರ ದಶಕದಲ್ಲಿ, ಒಳಗಿನ ಸ್ಥಿತಿಯನ್ನು ಒಂದೇ ಸಮ ಕಾಯ್ದುಕೊಳ್ಳುವ ಜೀವಿಯ ಗುಣಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟರು. ರಾಯಚೂರಿನ ಮೇ ತಿಂಗಳ ಬಿಸಿಲಿರಲಿ, ಡಿಸೆಂಬರಿನ ಚಳಿಯಿರಲಿ, ಮೈಯ ಒಳಗಿನ ಶಾಖ 37 ಡಿಗ್ರಿ ಸುತ್ತಮುತ್ತಲೇ ಇರುತ್ತದೆ. ಅದನ್ನು ಕಾಯಲಿಕ್ಕಾಗಿಯೇ ಬೆವರು, ಬಾಯಾರಿಕೆ, ನಡುಕ, ಚರ್ಮಕ್ಕೆ ಹರಿಯುವ ರಕ್ತ ಎಲ್ಲವೂ ಬದಲಾಗುತ್ತವೆ. ಕೆಲವು ಸಂಗತಿ ಗಟ್ಟಿಯಾಗಿ ನಿಂತಿದ್ದರೆ ಮಾತ್ರ ಉಳಿದವು ಸಲೀಸಾಗಿ ಬದಲಾಗಬಹುದು.

ಹಾಗಾದರೆ ನಿಮ್ಮ ಕಂಪನಿಯಲ್ಲಿ ಅಲುಗಾಡಬಾರದ್ದು ಯಾವುದು? ನನ್ನನ್ನು ಕೇಳಿದರೆ ತೂಕ, ಪಾವತಿಯ ದಿನ, ಲೆಕ್ಕದ ನಿಜ. ಸದಸ್ಯ ತಂದ ಚೀಲದ ತೂಕದಲ್ಲಿ ಒಂದು ಕೆಜಿಯೂ ಹೆಚ್ಚು ಕಮ್ಮಿ ಆಗಬಾರದು. ಇಂಥ ದಿನ ದುಡ್ಡು ಎಂದರೆ ಆ ದಿನವೇ ಖಾತೆಗೆ ಬೀಳಬೇಕು. ನಷ್ಟವಾದರೆ ನಷ್ಟ ಎಂದೇ ಓದಿ ಹೇಳಬೇಕು. ಇವು ಮೂರು ಯಂತ್ರದ ಹಾಗೆ ನಡೆಯಲಿ, ಯಾರ ಮುಖವನ್ನೂ ನೋಡುವುದು ಬೇಡ.

ಬರ್ನ್ಸ್ ಮತ್ತು ಸ್ಟಾಕರ್ ಎಂಬ ಇಬ್ಬರು ಸ್ಕಾಟ್ಲೆಂಡ್, ಇಂಗ್ಲೆಂಡಿನ ಕಂಪನಿಗಳನ್ನು ನೋಡಿ 1961ರಲ್ಲಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಾರುಕಟ್ಟೆ, ತಂತ್ರಜ್ಞಾನ ಬದಲಾಗದ ಕಡೆ ಕಟ್ಟುನಿಟ್ಟಿನ ಮೇಲು-ಕೆಳಗಿನ ವ್ಯವಸ್ಥೆ ಚೆನ್ನಾಗೇ ನಡೆಯುತ್ತಿತ್ತು. ಬದಲಾಗುತ್ತಲೇ ಇರುವ ಕಡೆ ಕೆಲಸದ ಗೆರೆಗಳು ಸಡಿಲವಾಗಿ, ಜನ ಅಡ್ಡಡ್ಡ ಮಾತಾಡಿಕೊಳ್ಳುವ ಕಂಪನಿಗಳು ಹೊಂದಿಕೊಂಡವು. ಒಂದೇ ಬಗೆ ಎಲ್ಲ ಕಡೆಗೂ ಒಳ್ಳೆಯದು ಎಂದು ಅವರು ಹೇಳಲಿಲ್ಲ. ನಮ್ಮ ಸಂಘ, ಕಂಪನಿಗಳಲ್ಲಿ ನಾನು ಕಾಣುವುದು ಇದರ ಉಲ್ಟಾ. ಪಾವತಿಯ ವಿಷಯ ಬಂದರೆ 'ನೋಡೋಣ, ಮುಂದಿನ ವಾರ' ಎಂಬ ಸಡಿಲ. ಸೋನಾ ಮಸೂರಿ ಬದಲು ಆರ್‌ಎನ್‌ಆರ್ ಎಂಬ ಇನ್ನೊಂದು ಭತ್ತದ ತಳಿಯ ಬೀಜ ತರಿಸಬೇಕೆಂದರೆ ಮಾತ್ರ ನಿರ್ದೇಶಕ ಮಂಡಳಿ ಸಭೆ ಸೇರಬೇಕು, ಠರಾವು ಆಗಬೇಕು, ಅಷ್ಟರಲ್ಲಿ ಸಸಿ ಮಡಿ ಹಾಕುವ ಹೊತ್ತು ಮುಗಿದಿರುತ್ತದೆ. ಬಿಗಿ ಇರಬೇಕಾದ ಕಡೆ ಸಡಿಲ, ಸಡಿಲ ಇರಬೇಕಾದ ಕಡೆ ಬಿಗಿ. ನೀವು ಮೊದಲು ಸರಿಪಡಿಸಬೇಕಾದದ್ದು ಇದನ್ನು, ಮತ್ತು ಇದಕ್ಕೆ ಒಂದು ಪೈಸೆ ಸಾಲವೂ ಬೇಡ.

ಮೈಯ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಮೈಯ ಜೀವಕೋಶ ಬೇಸರವಾಯಿತೆಂದು ಇನ್ನೊಂದು ಮೈಗೆ ಹೋಗುವುದಿಲ್ಲ. ನಿಮ್ಮ ಸದಸ್ಯ ನಾಳೆ ಬೆಳಿಗ್ಗೆಯೇ ದಲ್ಲಾಳಿಗೆ ಭತ್ತ ಹಾಕಬಹುದು. ಎಷ್ಟೋ ಸಲ ಅವನಿಗೆ ಬೇರೆ ದಾರಿಯೂ ಇರುವುದಿಲ್ಲ, ನಾಟಿಗೆ ಮುಂಚೆಯೇ ದಲ್ಲಾಳಿಯಿಂದ ಮುಂಗಡ ತಂದಿರುತ್ತಾನೆ. ಕಂಪನಿ ಅವನಿಗೆ ಏನು ಕೊಡುತ್ತದೆ ಎಂದು ಪ್ರತಿ ಹಂಗಾಮಿನಲ್ಲೂ ಅವನು ಅಳೆಯುತ್ತಾನೆ. ಅಳೆಯಲಿ, ಅದು ಅವನ ಹಕ್ಕು.

ಇನ್ನು ಬೇಗ ತಿಳಿಯುವ ವಿಚಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಈ ಭಾಗದ ಸಂಸ್ಥೆಗಳು ಸೋಲುವುದು ಇಲ್ಲೇ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಇದರ ಬಹುಪಾಲು ಜಮೀನನ್ನು ಕಡಿಮೆ ನೀರಿನ ಬೆಳೆಗಳಿಗೆಂದು ಗುರುತಿಸಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೆಳಭಾಗದಲ್ಲಿ ಮಾನ್ವಿ, ಸಿರವಾರ, ರಾಯಚೂರು ಕಡೆಗೆ ನೀರು ಮುಟ್ಟುವುದೇ ಕಷ್ಟವಾಯಿತು. ಹಾಗಾಗಿ 'ಕಾಲುವೆಗೆ ನೀರು ಬಿಟ್ಟರು' ಎಂಬ ಒಂದೇ ಸುದ್ದಿಗೆ ಊರೂರಿಗೆ ಬೇರೆ ಅರ್ಥ. ನಿಮ್ಮ ಆರುನೂರು ಸದಸ್ಯರು ಒಂದೇ ಪರಿಸರದಲ್ಲಿಲ್ಲ. ಒಂದೇ ಉಪಕಾಲುವೆಯ ಮೇಲಿನ ತೂಬು, ಕೆಳಗಿನ ತೂಬಿನವರ ಹಂಗಾಮೇ ಬೇರೆ.

ಒಂದು ಕಂಪನಿಯ ಸಭೆಯಲ್ಲಿ ಕೂತಿದ್ದೆ. ಗೋದಾಮಿನಲ್ಲಿ ಗೊಬ್ಬರ ಹಾಗೇ ಬಿದ್ದಿತ್ತು, ತಂದ ಸಾಲಕ್ಕೆ ಬಡ್ಡಿ ಓಡುತ್ತಿತ್ತು. ನೀರು ಬಿಟ್ಟ ದಿನ ಹಿಡಿದು ಲೆಕ್ಕ ಹಾಕಿ ಲೋಡು ತರಿಸಿದ್ದರು. ರೈತರು ಬಂದು ಒಯ್ಯುತ್ತಿಲ್ಲ, ಸದಸ್ಯರಿಗೆ ನಿಷ್ಠೆಯಿಲ್ಲ ಎಂದು ಮಾತು ನಡೆದಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಕೆಳಭಾಗದ ಹೆಣ್ಣುಮಗಳೊಬ್ಬರು ಎದ್ದು ನಿಂತು, 'ನೀರು ಬಂದೈತಿ ಅಂತ ಬರ್ಕೊಂಡೀರಿ, ನಮ್ಮ ತೂಬಿಗೆ ಇನ್ನಾ ಹನಿ ಬಂದಿಲ್ರೀ, ಗೊಬ್ಬರ ತಗೊಂಡು ಎಲ್ಲಿ ಹಾಕೂನ್ರೀ' ಅಂದರು. ಯಾರೂ ಮರುಮಾತಾಡಲಿಲ್ಲ. ಮುಂದಿನ ವಿಷಯಕ್ಕೆ ಹೋದರು. ನಡಾವಳಿ ಪುಸ್ತಕದಲ್ಲಿ ಆ ಮಾತು ಬರೆಯಲೇ ಇಲ್ಲ. ಆ ಇಡೀ ಸಭೆಯಲ್ಲಿ ಕಂಪನಿಯ ದುಡ್ಡು ಉಳಿಸುವ ಮಾತು ಅದೊಂದೇ ಆಗಿತ್ತು. ನನಗೆ ಇವತ್ತಿಗೂ ಅದು ನೋವಿನ ಸಂಗತಿ.

ಕೆಳಭಾಗದ ಸುದ್ದಿ ನಿಮ್ಮ ಮೇಜಿಗೆ ತಾನಾಗಿ ಬರುವುದಿಲ್ಲ. ಸಭೆಗೆ ಬಂದು ಮಾತಾಡುವವರು ಹೆಚ್ಚಾಗಿ ಮೇಲ್ಭಾಗದವರು, ಜಮೀನು ಜಾಸ್ತಿ ಇರುವವರು. ಆದ್ದರಿಂದ ಒಂದೊಂದು ಉಪಕಾಲುವೆಯ ಮೇಲೆ, ನಡುವೆ, ಕೆಳಗೆ ಒಬ್ಬೊಬ್ಬ ಸದಸ್ಯರನ್ನು ಗೊತ್ತು ಮಾಡಿ. ವಾರಕ್ಕೊಮ್ಮೆ ಅವರು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಲಿ: ತೂಬಿಗೆ ನೀರು ಎಷ್ಟಿದೆ, ಅಕ್ಕಪಕ್ಕದವರು ಏನು ಬಿತ್ತುತ್ತಿದ್ದಾರೆ, ಹುಳ ರೋಗ ಏನಾದರೂ ಬಂದಿದೆಯೇ, ದಲ್ಲಾಳಿ ಏನು ರೇಟು ಹೇಳುತ್ತಿದ್ದಾನೆ. ಬರೆಯಲು ಹೇಳಬೇಡಿ, ಬರೆಯುವ ಕೆಲಸ ಎಂದರೆ ಎರಡನೇ ವಾರಕ್ಕೇ ನಿಲ್ಲುತ್ತದೆ. ಸ್ವಲ್ಪ ಗೌರವಧನ ಕೊಡಿ. ಅದಕ್ಕಿಂತ ಮುಖ್ಯವಾಗಿ, ಅವರ ಮಾತಿನಿಂದ ಏನು ಬದಲಾಯಿತು ಎಂದು ಮರುವಾರ ತಿಳಿಸಿ. ಸುಮ್ನೆ ಕೇಳಿ ಬಿಟ್ಟುಬಿಟ್ಟರೆ ಯಾರು ಹೇಳುತ್ತಾರೆ ಅಲ್ವಾ?

ಲೀಜಿಗೆ ಹೊಲ ಮಾಡುವವರನ್ನೂ ಸೇರಿಸಿಕೊಳ್ಳಿ. ನಿಮ್ಮ ಭಾಗದಲ್ಲಿ ಹೊಲದ ಪಹಣಿ ಒಬ್ಬರ ಹೆಸರಲ್ಲಿ, ಕೆಸರಿಗೆ ಇಳಿಯುವವರು ಇನ್ನೊಬ್ಬರು. ಕಂಪನಿಯ ಷೇರು ಕೊಂಡ ಮಾಲೀಕ ಊರಲ್ಲೇ ಇರುವುದಿಲ್ಲ. ಉತ್ಪಾದಕ ಕಂಪನಿಯ ಕಾನೂನು ಪ್ರಾಥಮಿಕ ಉತ್ಪನ್ನಕ್ಕೆ ಸಂಬಂಧಿಸಿದ ಕೆಲಸ ಮಾಡುವವರನ್ನು ಉತ್ಪಾದಕ ಎಂದು ಕರೆಯುತ್ತದೆ, ಹೊಲದ ಮಾಲೀಕರನ್ನಷ್ಟೇ ಅಲ್ಲ. ಇನ್ನೊಂದು ಕಾರಣವೂ ಇದೆ. ಈ ವರ್ಷ ನೀರು ಹೇಗೆ ಎಂದು ಊರಿನವರು ಏನು ಅಂದುಕೊಂಡಿದ್ದಾರೆ ಎಂಬುದು ಲೀಜಿನ ದರದಲ್ಲಿ ಮೊದಲು ಕಾಣುತ್ತದೆ. ಕೆಳಭಾಗದಲ್ಲಿ ಎಕರೆ ಲೀಜು ಇಳಿಯುತ್ತಿದೆ ಎಂದರೆ ಭತ್ತದ ಬೀಜದ ಆರ್ಡರು ಅಲ್ಲಿಗೆ ಕಡಿಮೆ ಮಾಡಿ.

ತಿಳಿದ ಮೇಲೆ ಕೈ ಆಡಿಸುವ ಅಧಿಕಾರವೂ ಬೇಕು. ಇಂತಿಷ್ಟು ಮೊತ್ತದವರೆಗೆ ಬೀಜ, ಗೊಬ್ಬರದ ಆರ್ಡರನ್ನು ಸಭೆ ಕರೆಯದೆ ನೀವೇ ಬದಲಿಸಬಹುದು, ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸಬೇಕು ಎಂದು ಮಂಡಳಿಯಿಂದ ಈಗಲೇ ಠರಾವು ಮಾಡಿಸಿಕೊಳ್ಳಿ. ಜೊತೆಗೆ 'ಹೀಗಾದರೆ ಹೀಗೆ' ಎಂಬ ಒಂದು ಹಾಳೆ ಮುಂಗಾರಿಗೆ ಮುಂಚೆಯೇ ಬರೆದಿಡಿ. ಡ್ಯಾಮಿನ ಪೂರ್ಣ ಮಟ್ಟ 1633 ಅಡಿ, ಪ್ರತಿದಿನದ ಮಟ್ಟ ಎಲ್ಲರಿಗೂ ಸಿಗುತ್ತದೆ. ಯಾವ ತಾರೀಕಿಗೆ ಮಟ್ಟ ಎಷ್ಟಿದ್ದರೆ ಯಾವ ಆರ್ಡರು, ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದರೆ ಮರುದಿನ ಯಾರಿಗೆ ಫೋನು, ಎಲ್ಲವೂ ಅದರಲ್ಲಿರಲಿ. ಭತ್ತ ಕಟಾವಾದ ಎರೆ ಹೊಲದಲ್ಲಿ ಹಸಿ ಆರುವ ಮುಂಚೆ ಕಡಲೆ ಬೀಳಬೇಕು. ಆ ನಾಲ್ಕು ದಿನ ಬೀಜ ಹುಡುಕುತ್ತಾ ಕೂತರೆ ನೆಲ ಬಿರುಕು ಬಿಡುತ್ತದೆ.

ಹೊಸದನ್ನು ಶುರು ಮಾಡುವಾಗ 2024ರ ಗೇಟಿನ ಕೆಲಸವನ್ನು ನೆನಪಿಸಿಕೊಳ್ಳಿ. ಕೊಚ್ಚಿಹೋದ ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಅಷ್ಟು ದೊಡ್ಡದನ್ನು ಹರಿಯುವ ನೀರಿನಲ್ಲಿ ಒಮ್ಮೆಗೇ ಇಳಿಸುವುದು ಆಗದ ಮಾತು. ಡ್ಯಾಮು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ತಲಾ 4 ಅಡಿ ಎತ್ತರದ ಐದು ತುಂಡು ಮಾಡಿಸಿದರು. ಒಂದು ಇಳಿಸಿ, ಕೂತದ್ದು ನೋಡಿಕೊಂಡು, ಮುಂದಿನದು ಇಳಿಸಿದರು. ಗೇಟು ಹೋಗಿ ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಐದೂ ನಿಲ್ಲುತ್ತವೆ ಎಂಬ ಖಾತ್ರಿಗೆ ಕಾದಿದ್ದರೆ ಡ್ಯಾಮು ಇನ್ನಷ್ಟು ಖಾಲಿಯಾಗುತ್ತಿತ್ತು.

ನಿಮಗೂ ಅದೇ ದಾರಿ. ಕೂರಿಗೆ ಭತ್ತವನ್ನೇ ತೆಗೆದುಕೊಳ್ಳಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಇದನ್ನು ಮೊದಲಿನಿಂದ ಹೇಳುತ್ತಾ ಬಂದಿದ್ದಾರೆ. ಸಸಿ ಮಡಿ ಬೇಡ, ಕೆಸರು ಮಾಡುವುದು ಬೇಡ, ಮಳೆಯ ಹಸಿಗೆ ಬಿತ್ತಿ ಕಾಲುವೆ ನೀರಿಗೆ ಕಾಯಬಹುದು. ಕೆಳಭಾಗಕ್ಕೆ ಹೇಳಿ ಮಾಡಿಸಿದ್ದು. ತೊಂದರೆ ಎಂದರೆ ಕಳೆ. ಹೊತ್ತಿಗೆ ಸರಿಯಾಗಿ ಕಳೆನಾಶಕ ಹೊಡೆಯದಿದ್ದರೆ ಭತ್ತ ಹುಡುಕಬೇಕಾಗುತ್ತದೆ. ಆರುನೂರು ಜನಕ್ಕೂ ಮಾಡಿ ಎನ್ನಬೇಡಿ. ಕೆಳಭಾಗದ ಇಪ್ಪತ್ತು ಜನ ಒಂದೊಂದು ಎಕರೆ ಮಾಡಲಿ, ಕಳೆಗೆ ಆದ ಖರ್ಚನ್ನು ಪೈಸೆ ಬಿಡದೆ ಬರೆದಿಡಿ, ಹೋದರೆ ಕಂಪನಿ ಎಷ್ಟು ತುಂಬಿಕೊಡುತ್ತದೆ ಎಂದು ಮೊದಲೇ ಮಾತಾಗಿರಲಿ. ಆಗಲಿಲ್ಲ ಎಂದಾದರೆ ಮರುವರ್ಷ ನಿಲ್ಲಿಸಿ. ನಿಲ್ಲಿಸುವುದನ್ನು ನಮ್ಮ ಸಂಸ್ಥೆಗಳು ಅವಮಾನ ಎಂದುಕೊಳ್ಳುತ್ತವೆ. ವರ್ಷಗಟ್ಟಲೆ ನಷ್ಟದಲ್ಲಿ ನಡೆಯುವ ಅಂಗಡಿಗಳು ಉಳಿದಿರುವುದು ಹಾಗೆಯೇ.

ಇದೆಲ್ಲಕ್ಕೂ ಕೈಯಲ್ಲಿ ಸ್ವಲ್ಪ ದುಡ್ಡು ಬೇಕು. 2020ರ ಕೇಂದ್ರ ಯೋಜನೆಯಲ್ಲಿ ನೋಂದಾಯಿಸಿದ ಕಂಪನಿ ನಿಮ್ಮದಾಗಿದ್ದರೆ, ಆಡಳಿತದ ಖರ್ಚಿಗೆ ಮೂರು ವರ್ಷಕ್ಕೆ 18 ಲಕ್ಷದವರೆಗೆ ನೆರವು ಇರುತ್ತದೆ. ಅದು ನಿಂತ ಮರುತಿಂಗಳೇ ಸಂಬಳಕ್ಕೆ ಪರದಾಡುವ ಕಂಪನಿಗಳಿವೆ. ಸಂಬಳ, ಬಾಡಿಗೆ, ಕರೆಂಟು ಸೇರಿ ಆರು ತಿಂಗಳ ಖರ್ಚು ಮುಟ್ಟದೆ ಇಡಿ. ಒಳ್ಳೆಯ ವರ್ಷ ಸದಸ್ಯರು ಹೆಚ್ಚು ಲಾಭಾಂಶ ಕೇಳುತ್ತಾರೆ. ಯಾಕೆ ಇಟ್ಟಿದ್ದೀರಿ ಎಂದು ಆಗ ಬಿಡಿಸಿ ಹೇಳಬೇಕಾಗುತ್ತದೆ.

ಕೊನೆಗೆ ಬ್ಯಾಂಕು. ಅವರಿಗೆ ಐದು ವರ್ಷದ ಅಂಕಿ ಬೇಕೇ ಬೇಕು, ಕೊಡಿ. ಆದರೆ ಪ್ರತಿ ವರ್ಷಕ್ಕೂ ಒಂದರ ಬದಲು ಮೂರು ಕಾಲಂ ಮಾಡಿ: ಎರಡು ಬೆಳೆ ಬಂದರೆ, ಒಂದೇ ಬೆಳೆ ಬಂದರೆ, ಅದೂ ಅರ್ಧಕ್ಕೆ ನಿಂತರೆ. ಕಳೆದ ಮೂರು ವರ್ಷದ ನಿಜವಾದ ಲೆಕ್ಕ ಜೊತೆಗಿಡಿ. ಕಂತನ್ನು ತಿಂಗಳಿಗೊಮ್ಮೆ ಇಡಬೇಡಿ, ಭತ್ತ ಮಾರಾಟವಾಗುವ ಹೊತ್ತಿಗೆ ಇಡಿ ಎಂದು ಕೇಳಿ. ಈ ಭಾಗದಲ್ಲಿ ಕೆಲಸ ಮಾಡುವ ಮ್ಯಾನೇಜರಿಗೆ ಆ ಮೂರು ವರ್ಷ ಏನಾಯಿತೆಂದು ನೀವು ಹೇಳಿಕೊಡಬೇಕಿಲ್ಲ. ಮೂರನೇ ಕಾಲಮ್ಮಿನಲ್ಲೂ ಕಂತು ಕಟ್ಟಲು ಆಗುವಷ್ಟು ಸಾಲವನ್ನು ಮಾತ್ರ ಕೇಳಿ. ಬ್ಯಾಂಕಿಗೆ ಕೊಡುವ ಮುಂಚೆ ಆ ಹಾಳೆಯನ್ನು ಸದಸ್ಯರ ಮುಂದೆ ಓದಿ, ಕೆಳಭಾಗದ ಊರುಗಳಿಂದ ಶುರು ಮಾಡಿ.